ಕಾಂಪೌಂಡ್ ಗೋಡೆ ಇದ್ದ ಮೇಲೂ ಈಜುಕೊಳಕ್ಕೆ ಬೇರೆ ಬೇಲಿ ಬೇಕೇ?

ಪ್ರಶ್ನೆ: ಮನೆಯ ಹಿತ್ತಲಿನಲ್ಲಿ ಸಣ್ಣದೊಂದು ಈಜುಕೊಳ ಕಟ್ಟಿಸುತ್ತಿದ್ದೇವೆ. ನಿವೇಶನದ ಸುತ್ತ ಆರು ಅಡಿ ಎತ್ತರದ ಕಾಂಪೌಂಡ್ ಗೋಡೆ ಇದೆ. ನಕ್ಷೆಗೆ ಅನುಮತಿ ಕೊಡುವಾಗ ಸ್ಥಳೀಯ ಆಡಳಿತದವರು ‘ನಿಯಮಾನುಸಾರ ಸುರಕ್ಷತಾ ಬೇಲಿ ಅಳವಡಿಸತಕ್ಕದ್ದು’ ಎಂಬ ಷರತ್ತು ಸೇರಿಸಿದ್ದಾರೆ. ಕಾಂಪೌಂಡೇ ಬೇಲಿ, ಮತ್ತೊಂದು ಏಕೆ ಎನ್ನುತ್ತಾರೆ ಗುತ್ತಿಗೆದಾರರು. ಮನೆಯಲ್ಲಿ ಮೂರು ವರ್ಷದ ಮಗಳಿದ್ದಾಳೆ. ಅವಳನ್ನು ನಾವು ಒಂಟಿಯಾಗಿ ಬಿಡುವುದೇ ಇಲ್ಲ. ಕೊಳದ ಸುತ್ತ ಮತ್ತೆ ಗ್ರಿಲ್ ಹಾಕಿದರೆ ಅಂದ ಕೆಡುತ್ತದೆ ಎಂಬ ಬೇಸರವೂ ಇದೆ. ಬೇಲಿಯ ಬದಲು ಮೇಲುಹೊದಿಕೆ ಅಥವಾ ಅಲಾರಂ ಸಾಲದೇ?

ಉತ್ತರ: ನಿಮ್ಮ ಗುತ್ತಿಗೆದಾರರ ಮಾತು ಕೆಲವು ಊರುಗಳ ನಿಯಮದ ಪ್ರಕಾರ ಸರಿಯೂ ಇರಬಹುದು. ಆದರೂ ಅದಕ್ಕೆ ಹೂಂಗುಟ್ಟಬೇಡಿ. ಕಾಂಪೌಂಡ್ ಗೋಡೆ ತಡೆಯುವುದು ಬೀದಿಯಿಂದ ಬರುವ ಮಗುವನ್ನು. ನಿಮ್ಮ ಮಗಳು ಬೀದಿಯಿಂದ ಬರುವುದಿಲ್ಲ, ಮನೆಯ ಹಿಂಬಾಗಿಲಿನಿಂದ ಬರುತ್ತಾಳೆ. ಆ ಬಾಗಿಲಿಗೂ ನೀರಿಗೂ ನಡುವೆ ಏನಿದೆ ಎಂಬುದನ್ನು ಮೊದಲು ನೋಡಬೇಕು. ಎತ್ತರ, ಸಂದು, ಚಿಲಕದ ಲೆಕ್ಕವೆಲ್ಲ ಆಮೇಲಿನದು.

ಒಂಟಿಯಾಗಿ ಬಿಡುವುದೇ ಇಲ್ಲ ಎಂದು ಬರೆದಿದ್ದೀರಿ. ನಿಮ್ಮ ಮಾತನ್ನು ನಂಬುತ್ತೇನೆ, ಅದನ್ನು ಹೇಳದ ತಂದೆತಾಯಿ ಇಲ್ಲ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು ಅರಿಜೋನಾ, ಕ್ಯಾಲಿಫೋರ್ನಿಯಾ ಮತ್ತು ಫ್ಲಾರಿಡಾ ರಾಜ್ಯಗಳಲ್ಲಿ ಪುಟ್ಟ ಮಕ್ಕಳು ಮನೆಯ ಈಜುಕೊಳಕ್ಕೆ ಬಿದ್ದ ಪ್ರಕರಣಗಳನ್ನು ಹಿಂದೆಯೇ ಬಿಡಿಸಿ ನೋಡಿತ್ತು. ಅವರಲ್ಲಿ ಶೇ 69ರಷ್ಟು ಮಕ್ಕಳು ಆ ಹೊತ್ತಿನಲ್ಲಿ ಕೊಳದ ಬಳಿ ಇರುತ್ತಾರೆ ಎಂದು ಮನೆಯವರು ಎಣಿಸಿಯೇ ಇರಲಿಲ್ಲ. ಶೇ 46ರಷ್ಟು ಮಕ್ಕಳನ್ನು ಕಡೆಯದಾಗಿ ಕಂಡದ್ದು ಮನೆಯೊಳಗೆ. ಶೇ 77ರಷ್ಟು ಮಕ್ಕಳು ಕಣ್ಣಿಗೆ ಮರೆಯಾಗಿ ಐದು ನಿಮಿಷ ಅಥವಾ ಅದಕ್ಕೂ ಕಡಿಮೆ ಸಮಯವಾಗಿತ್ತು. ಹೆಚ್ಚಿನ ಪ್ರಕರಣಗಳಲ್ಲಿ ತಂದೆಯೋ ತಾಯಿಯೋ ಇಬ್ಬರೂ ಸೇರಿಯೋ ಮಗುವನ್ನು ನೋಡಿಕೊಳ್ಳುತ್ತಲೇ ಇದ್ದರು. ಹೀಗಾಗಿ ಅವರನ್ನು ಅಜಾಗರೂಕರು ಎನ್ನಲಾಗದು. ಫೋನ್ ಬಂತು, ಬಾಗಿಲಲ್ಲಿ ಯಾರೋ ಕರೆದರು, ಚಿಕ್ಕ ಕೂಸು ಅತ್ತಿತು, ಅಷ್ಟೇ ಸಾಕು. ಮುಳುಗುವ ಮಗು ಕೂಗುವುದಿಲ್ಲ, ನೀರನ್ನು ಬಡಿಯುವುದೂ ಕಡಿಮೆ. ಒಳಗಿರುವವರ ಕಿವಿಗೆ ಏನೂ ಬೀಳುವುದಿಲ್ಲ.

ನಿಗಾ ತಪ್ಪುವ ಆ ಕೆಲವು ನಿಮಿಷಗಳಿಗಾಗಿಯೇ ಬೇಲಿ ಇರುವುದು. ಅದು ಮಗುವನ್ನು ಶಾಶ್ವತವಾಗಿ ತಡೆಯಬೇಕಿಲ್ಲ; ‘ಎಲ್ಲಿ ಹೋದಳು’ ಎಂದು ನೀವು ಹುಡುಕಿ ಬರುವ ತನಕ ತಡೆದರೆ ಕೆಲಸ ಆಯಿತು.

ನಾಲ್ಕನೆಯ ಬದಿಯ ತಕರಾರು ಇಲ್ಲಿಂದಲೇ ಹುಟ್ಟುತ್ತದೆ. ಕಾಂಪೌಂಡ್ ಮೂರು ಬದಿ, ಮನೆಯ ಗೋಡೆ ಒಂದು ಬದಿ, ಆ ಗೋಡೆಯಲ್ಲೊಂದು ಬಾಗಿಲು: ಇದು ಮೂರು ಬದಿಯ ಬೇಲಿ. ಮನೆಯಿಂದಲೂ ಕೊಳವನ್ನು ಬೇರ್ಪಡಿಸಿ ಸುತ್ತಲೂ ಕಟ್ಟಿದ್ದು ನಾಲ್ಕು ಬದಿಯ ಬೇಲಿ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ ಪರಿಶೀಲನೆ ಈ ಎರಡನ್ನೂ ಹೋಲಿಸಿ ನೋಡಿತು. ನಾಲ್ಕು ಬದಿಯ ಬೇಲಿ ಇದ್ದ ಕಡೆ ಮಗು ಮುಳುಗುವ ಅಪಾಯ ಮೂರು ಬದಿಯ ಬೇಲಿಗಿಂತ ಸುಮಾರು ಶೇ 83ರಷ್ಟು ಕಡಿಮೆ ಎಂಬುದು ಅದರಿಂದ ಬಂದ ಅಂಕಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಪೋಷಕರಿಗೆ ಹೇಳುವುದೂ ಇದನ್ನೇ. ಒಂದು ಬದಿ ಹೆಚ್ಚಿಗೆ ಕಟ್ಟಿದ್ದಕ್ಕೆ ಇಷ್ಟು ವ್ಯತ್ಯಾಸವೇ ಎಂದು ಅಚ್ಚರಿಪಡಬೇಕಿಲ್ಲ. ಮಕ್ಕಳು ಬರುವ ದಾರಿಯೇ ಆ ಬದಿ.

ಇನ್ನು ನಿಯಮದ ಮಾತು. ಈಜುಕೊಳದ ಬೇಲಿಗೆ ಜಗತ್ತಿಗೆಲ್ಲ ಒಪ್ಪುವ ಒಂದೇ ಕಾನೂನು ಇಲ್ಲ. ಒಂದೇ ದೇಶದೊಳಗೂ ರಾಜ್ಯಕ್ಕೊಂದು, ನಗರಕ್ಕೊಂದು ಇರುವುದುಂಟು. ಅಮೆರಿಕದಲ್ಲಿ ಮನೆಯ ಕೊಳಕ್ಕೆ ಬೇಲಿ ಹಾಕಿ ಎನ್ನುವ ಕೇಂದ್ರ ಕಾನೂನೇ ಇಲ್ಲ. ಸುರಕ್ಷತಾ ಆಯೋಗದ್ದು ಮಾರ್ಗಸೂಚಿ ಮಾತ್ರ. ಮಾದರಿ ಸಂಹಿತೆ, ಎಂದರೆ ನಿಯಮಗಳ ನಮೂನೆ ಪುಸ್ತಕವೊಂದಿದೆ, ಅದನ್ನು ರಾಜ್ಯವೋ ನಗರವೋ ಅಂಗೀಕರಿಸಿದ ಮೇಲೆಯೇ ಕಾನೂನಾಗುತ್ತದೆ. ಅಂಗೀಕರಿಸುವಾಗ ಅಲ್ಲಲ್ಲಿ ತಿದ್ದಿಕೊಳ್ಳುತ್ತಾರೆ ಕೂಡ. ಕ್ಯಾಲಿಫೋರ್ನಿಯಾ ಏಳು ಬಗೆಯ ಸುರಕ್ಷತಾ ಏರ್ಪಾಡುಗಳನ್ನು ಪಟ್ಟಿ ಮಾಡಿ ಹೊಸ ಕೊಳಕ್ಕೆ ಅವುಗಳಲ್ಲಿ ಕನಿಷ್ಠ ಎರಡು ಇರಲಿ ಎನ್ನುತ್ತದೆ. ಫ್ರಾನ್ಸ್ 2003ರ ಜನವರಿ 3ರ ಕಾನೂನಿನ ಮೂಲಕ ನೆಲದಲ್ಲಿ ಹೂತ ಖಾಸಗಿ ಕೊಳಗಳಿಗೆ ತಡೆಬೇಲಿ, ಸುರಕ್ಷತಾ ಹೊದಿಕೆ, ಮೇಲ್ಮಾಡು, ಅಲಾರಂ ಈ ನಾಲ್ಕರಲ್ಲಿ ಒಂದನ್ನು ಕಡ್ಡಾಯ ಮಾಡಿತು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಇಂಥ ಆಯ್ಕೆಯನ್ನು ಅಷ್ಟು ಧಾರಾಳವಾಗಿ ಕೊಡುವುದಿಲ್ಲ. ಅಲ್ಲಿ ಭೌತಿಕ ತಡೆಯೇ ಬೇಕು. ನ್ಯೂಜಿಲೆಂಡ್‌ನಲ್ಲಿ 1987ರಿಂದಲೇ ಕೊಳದ ಬೇಲಿಗೆಂದು ಪ್ರತ್ಯೇಕ ಕಾಯ್ದೆ ಇತ್ತು. 2017ರ ಆರಂಭದಿಂದ ಅದನ್ನು ಕಟ್ಟಡ ಕಾಯ್ದೆಯೊಳಗೆ ಸೇರಿಸಿ, ಮೂರು ವರ್ಷಕ್ಕೊಮ್ಮೆ ತಪಾಸಣೆಯನ್ನು ಕಡ್ಡಾಯ ಮಾಡಿದ್ದಾರೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಕೊಳವಿರುವ ಮನೆಯನ್ನು ಮಾರುವಾಗ, ಬಾಡಿಗೆಗೆ ಕೊಡುವಾಗ ಬೇಲಿಯ ಪ್ರಮಾಣಪತ್ರದ ಮಾತು ಬಂದೇ ಬರುತ್ತದೆ.

ಎಷ್ಟು ಆಳದ ನೀರಿಗೆ ನಿಯಮ ಅನ್ವಯ ಎಂಬುದೂ ಬೇರೆ ಬೇರೆ. ಆಸ್ಟ್ರೇಲಿಯಾದಲ್ಲಿ 30 ಸೆಂಟಿಮೀಟರ್, ನ್ಯೂಜಿಲೆಂಡ್‌ನಲ್ಲಿ 40, ಅಮೆರಿಕದ ಅನೇಕ ಕಡೆ 24 ಇಂಚು, ಎಂದರೆ ಸುಮಾರು 61 ಸೆಂಟಿಮೀಟರ್. ಗಾಳಿ ತುಂಬಿ ಬಳಸುವ ಪ್ಲಾಸ್ಟಿಕ್ ಕೊಳವೂ ಆ 30 ಸೆಂಟಿಮೀಟರ್ ದಾಟಿದರೆ ಆಸ್ಟ್ರೇಲಿಯಾದಲ್ಲಿ ಬೇಲಿಯ ನಿಯಮಕ್ಕೆ ಒಳಪಡುತ್ತದೆ. ಅಂಗಡಿಯಿಂದ ಅದನ್ನು ಹೊತ್ತು ತರುವ ಎಷ್ಟು ಮಂದಿಗೆ ಇದು ಗೊತ್ತಿರುತ್ತದೋ!

ನಿಯಮಗಳು ಇಷ್ಟು ಚದುರಿದ್ದರೂ ಬೇಲಿ ಹೇಗಿರಬೇಕು ಎಂಬಲ್ಲಿ ಅವುಗಳ ನಡುವೆ ಆಶ್ಚರ್ಯಪಡುವಷ್ಟು ಒಮ್ಮತವಿದೆ. ಮಕ್ಕಳ ಮೈಕಟ್ಟು ಎಲ್ಲ ಕಡೆ ಒಂದೇ ಆದ್ದರಿಂದ ಇರಬೇಕು. ನಿಮ್ಮ ಊರಿನ ನಿಯಮ ‘ಸೂಕ್ತ ಬೇಲಿ’ ಎಂದಷ್ಟೇ ಹೇಳಿ ಸುಮ್ಮನಾಗಿದ್ದರೆ ಈ ಮುಂದಿನ ಅಳತೆಗಳನ್ನೇ ಹಿಡಿಯಿರಿ. ಯಾವ ತಪಾಸಣೆಗಾರರೂ ಇದನ್ನು ಕಡಿಮೆಯಾಯಿತು ಎನ್ನುವ ಸಂಭವ ಕಡಿಮೆ.

ಎತ್ತರ 1.2 ಮೀಟರ್. ಫ್ರಾನ್ಸ್‌ನಲ್ಲಿ 1.1, ಕ್ಯಾಲಿಫೋರ್ನಿಯಾದಲ್ಲಿ 60 ಇಂಚು, ಎಂದರೆ ಒಂದೂವರೆ ಮೀಟರಿನ ಮೇಲೆ. ಎತ್ತರವನ್ನು ಅಳೆಯಬೇಕಾದದ್ದು ಕೊಳದ ಕಡೆಯಿಂದಲ್ಲ, ಮಗು ನಿಲ್ಲುವ ಹೊರಬದಿಯ ನೆಲದಿಂದ. ಬೇಲಿ ಹಾಕಿದ ದಿನ 1.2 ಇದ್ದದ್ದು, ಹೊರಗೆ ಹೂವಿನ ಪಾತಿ ಮಾಡಿ ಒಂದು ಗೇಣು ಮಣ್ಣು ಏರಿಸಿದ ಮೇಲೆ 1 ಮೀಟರಿಗೆ ಇಳಿದಿರುತ್ತದೆ. ತಪಾಸಣೆಯಲ್ಲಿ ಇದೊಂದು ಮಾಮೂಲು ಜಗಳ. ‘ಬೇಲಿಯನ್ನು ನಾವು ಮುಟ್ಟಿಯೇ ಇಲ್ಲ’ ಎಂದು ಮನೆಯವರು ವಾದಿಸುತ್ತಾರೆ, ಅವರು ಹೇಳುವುದೂ ನಿಜವೇ.

ನಿಂತ ಸರಳುಗಳ ನಡುವಿನ ಸಂದು 10 ಸೆಂಟಿಮೀಟರ್ ಮೀರಬಾರದು. ಅಮೆರಿಕದ ಸಂಹಿತೆಯಲ್ಲಿ ಇದನ್ನು 4 ಇಂಚು ವ್ಯಾಸದ ಗೋಳವನ್ನಿಟ್ಟುಕೊಂಡು ಹೇಳುತ್ತಾರೆ: ಗೋಳ ತೂರಿದರೆ ಬೇಲಿ ಫೇಲು. ಕೆಳಗಿನ ಸಂದೂ 10 ಸೆಂಟಿಮೀಟರಿನೊಳಗೆ. ಹುಲ್ಲು, ಜಲ್ಲಿಯಂಥ ಸಡಿಲ ನೆಲವಾದರೆ ಅಮೆರಿಕದಲ್ಲಿ 2 ಇಂಚು ಮಾತ್ರ, ಏಕೆಂದರೆ ಅದನ್ನು ಕೈಯಿಂದಲೇ ಕೆದಕಬಹುದು. ಮಳೆ ಹರಿದು ಕೊಚ್ಚಿಹೋಗುವ ನೆಲವಿದ್ದರೆ ಬೇಲಿಯ ಬುಡಕ್ಕೆ ಕಾಂಕ್ರೀಟ್ ಪಟ್ಟಿ ಹಾಕಿಸಿಬಿಡಿ.

ಅಡ್ಡಪಟ್ಟಿಗಳ ವಿಷಯಕ್ಕೆ ಬಂದರೆ, ಬೇಲಿಗಳು ಹೆಚ್ಚಾಗಿ ಸೋಲುವುದು ಇಲ್ಲಿಯೇ. ಅಡ್ಡಪಟ್ಟಿ ಮಗುವಿನ ಪಾಲಿಗೆ ಏಣಿಯ ಮೆಟ್ಟಿಲು. ಎರಡು ಅಡ್ಡಪಟ್ಟಿಗಳ ನಡುವೆ ಆಸ್ಟ್ರೇಲಿಯಾದಲ್ಲಿ ಕನಿಷ್ಠ 90 ಸೆಂಟಿಮೀಟರ್, ಅಮೆರಿಕದಲ್ಲಿ 45 ಇಂಚು ಅಂತರ ಇರಬೇಕು. ಅಷ್ಟಿಲ್ಲದಿದ್ದರೆ ಅಮೆರಿಕದ ಲೆಕ್ಕದಲ್ಲಿ ಅಡ್ಡಪಟ್ಟಿಗಳು ಕೊಳದ ಕಡೆಗೆ ಹೋಗಬೇಕು, ನಿಂತ ಸರಳುಗಳ ಸಂದನ್ನು ಒಂದೂಮುಕ್ಕಾಲು ಇಂಚಿಗೆ ಇಳಿಸಬೇಕು; ಪಟ್ಟಿಗೆ ಪಾದ ಸಿಗಬಾರದು ಎಂಬುದಷ್ಟೇ ಇದರ ಮರ್ಮ. ಮನೆಯ ಕಿಟಕಿಗೆ ಮಾಡಿಸುವ ಬಳ್ಳಿ ವಿನ್ಯಾಸದ ಗ್ರಿಲ್ಲನ್ನೇ ಕೊಳಕ್ಕೂ ಮಾಡಿಸುತ್ತೇನೆ ಎಂದರೆ ಖಂಡಿತ ಬೇಡ. ಆ ಬಳ್ಳಿಯ ಪ್ರತಿ ಸುರುಳಿಯೂ ಕಾಲೂರಲು ಒಂದು ಮೆಟ್ಟಿಲು.

ಬೇಲಿಯ ಹೊರಗೆ ಏನಿದೆ ಎಂಬುದನ್ನೂ ನಿಯಮ ನೋಡುತ್ತದೆ. ಆಸ್ಟ್ರೇಲಿಯಾದ ಮಾನದಂಡದಲ್ಲಿ ಬೇಲಿಯ ಹೊರಬದಿಗೆ 90 ಸೆಂಟಿಮೀಟರಿನ ವಲಯವೊಂದಿದೆ. ಅದರೊಳಗೆ ಹತ್ತಲು ಒದಗುವ ಯಾವುದೂ ಇರಕೂಡದು. ಹೂಕುಂಡ, ಕಲ್ಲಿನ ಬೆಂಚು, ಎಸಿಯ ಹೊರಘಟಕ, ನಲ್ಲಿ, ಪಂಪಿನ ಪೆಟ್ಟಿಗೆ, ತಗ್ಗು ಕೊಂಬೆಯ ಗಿಡ ಎಲ್ಲವೂ ಈ ಲೆಕ್ಕಕ್ಕೆ ಸೇರುತ್ತವೆ. ನಿಮ್ಮ ಫಿಲ್ಟರ್ ಮತ್ತು ಪಂಪ್ ಎಲ್ಲಿ ಕೂರುತ್ತವೆ ಎಂಬುದನ್ನು ನಕ್ಷೆಯಲ್ಲಿ ಈಗಲೇ ನೋಡಿ. ಜಾಗ ಉಳಿತಾಯಕ್ಕೆಂದು ಅವನ್ನು ಬೇಲಿಗೆ ಒರಗಿಸಿ ಇಡುವುದು ಕೆಲಸದವರ ರೂಢಿ. ಇನ್ನು ಬೇಲಿಯಿಂದ ದೂರವಿದ್ದರೂ ಎಳೆದು ತರಬಹುದಾದ ಪ್ಲಾಸ್ಟಿಕ್ ಕುರ್ಚಿ ಇದೆಯಲ್ಲ, ಅದನ್ನು ಯಾವ ನಿಯಮವೂ ಹಿಡಿಯಲಾರದು. ಅದು ಮನೆಯವರ ಕೆಲಸ.

ಈಗ ಗೇಟು. ಬೇಲಿಯ ಬಗ್ಗೆ ಜನ ತಲೆಕೆಡಿಸಿಕೊಳ್ಳುವಷ್ಟು ಗೇಟಿನ ಬಗ್ಗೆ ಕೆಡಿಸಿಕೊಳ್ಳುವುದಿಲ್ಲ. ನನ್ನನ್ನು ಕೇಳಿದರೆ ದುಡ್ಡು ಹೋಗಬೇಕಾದದ್ದು ಮೊದಲು ಗೇಟಿನ ಕೀಲು ಮತ್ತು ಚಿಲಕಕ್ಕೆ, ಉಳಿದದ್ದರಲ್ಲಿ ಬೇಲಿ. ಗೇಟು ಕೊಳದಿಂದ ಹೊರಗಡೆಗೆ ತೆರೆಯಬೇಕು. ಆಗ ಚಿಲಕ ಸರಿಯಾಗಿ ಬಿದ್ದಿರದಿದ್ದರೂ ಮಗು ಹೊರಗಿನಿಂದ ತಳ್ಳಿದಾಗ ಗೇಟು ತೆರೆಯುವ ಬದಲು ಬಿಗಿಯುತ್ತದೆ. ಕೈ ಬಿಟ್ಟೊಡನೆ ತಾನಾಗಿಯೇ ಮುಚ್ಚಿಕೊಳ್ಳಬೇಕು, ತಾನಾಗಿಯೇ ಚಿಲಕ ಬೀಳಬೇಕು. ಚಿಲಕ ಬಿಚ್ಚುವ ಗುಬುಟು ಆಸ್ಟ್ರೇಲಿಯಾದಲ್ಲಿ ನೆಲದಿಂದ ಒಂದೂವರೆ ಮೀಟರ್, ಅಮೆರಿಕದಲ್ಲಿ 54 ಇಂಚು ಎತ್ತರದಲ್ಲಿರಬೇಕು. ಅದಕ್ಕಿಂತ ಕೆಳಗಿದ್ದರೆ ಕೊಳದ ಒಳಬದಿಗೆ ಇಟ್ಟು, ಹೊರಗಿನಿಂದ ಪುಟ್ಟ ಕೈ ತೂರದಂತೆ ಸುತ್ತ ಮರೆ ಮಾಡಬೇಕು.

ತಪಾಸಣೆಗಾರರು ಗೇಟನ್ನು ಪರೀಕ್ಷಿಸುವ ರೀತಿಯನ್ನು ನೀವೂ ಕಲಿತಿರಿ. ಪೂರ್ತಿ ತೆರೆದು ಬಿಟ್ಟರೆ ಯಾವ ಗೇಟಾದರೂ ಧಡ್ಡನೆ ಮುಚ್ಚಿಕೊಳ್ಳುತ್ತದೆ, ಓಟದ ಬಲ ಇರುತ್ತದೆ. ಅದನ್ನು ನೋಡಿ ಒಪ್ಪಿಕೊಳ್ಳಬೇಡಿ. ಚಿಲಕ ಬಿಚ್ಚಿ, ಗೇಟನ್ನು ಎರಡು ಬೆರಳಗಲ ಮಾತ್ರ ತೆರೆದು, ತಳ್ಳದೆ ಮೆಲ್ಲನೆ ಕೈ ಬಿಡಿ. ಕೆಟ್ಟ ಗೇಟು ಚಿಲಕದ ನಾಲಗೆಗೆ ತಗಲಿ ಅಲ್ಲೇ ನಿಂತುಬಿಡುತ್ತದೆ. ಎರಡು ಹೆಜ್ಜೆ ಹಿಂದೆ ನಿಂತು ನೋಡಿದರೆ ಮುಚ್ಚಿದಂತೆಯೇ ಕಾಣುತ್ತದೆ, ಬೆರಳಲ್ಲಿ ಎಳೆದರೆ ಬಂದೇಬಿಡುತ್ತದೆ. ಕಂಬ ಒಂದಿಷ್ಟು ವಾಲಿದರೆ, ಕೀಲು ಸ್ವಲ್ಪ ಜೋತರೆ, ಸ್ಪ್ರಿಂಗ್ ಸಡಿಲಾದರೆ, ಬಿಸಿಲಿಗೆ ಲೋಹ ಹಿಗ್ಗಿದರೆ ಹೀಗಾಗುತ್ತದೆ. ಹೊಸ ಗೇಟಿನಲ್ಲಿ ಇರದ ದೋಷ ಒಂದು ಮಳೆಗಾಲ ಕಳೆಯುವುದರೊಳಗೆ ಬಂದಿರುತ್ತದೆ. ಬಿಗಿತವನ್ನು ಸ್ಕ್ರೂಡ್ರೈವರಿನಿಂದ ಹೊಂದಿಸಬಹುದಾದ ಕೀಲುಗಳು ಸಿಗುತ್ತವೆ, ಅವನ್ನೇ ಹಾಕಿಸಿ. ತಿಂಗಳಿಗೊಮ್ಮೆ ಈ ಎರಡು ಬೆರಳಿನ ಪರೀಕ್ಷೆ ಮಾಡಿ.

ಒಳ್ಳೆಯ ಗೇಟನ್ನೂ ಒಂದು ಇಟ್ಟಿಗೆ ಸೋಲಿಸುತ್ತದೆ. ನೆಂಟರು ಬಂದ ದಿನ, ಪದೇ ಪದೇ ಓಡಾಡಬೇಕೆಂದು ಗೇಟಿಗೆ ಇಟ್ಟಿಗೆ ಒತ್ತಿ ತೆರೆದಿಡುತ್ತಾರೆ. ಅಂದು ಮನೆ ತುಂಬ ಜನ, ಮಗು ಯಾರ ಬಳಿಯೋ ಇದೆ ಎಂದು ಪ್ರತಿಯೊಬ್ಬರ ಭಾವನೆ. ಇಂಥ ದಿನಕ್ಕೆ ಬೇಲಿಯ ಅಗತ್ಯ ಹೆಚ್ಚು.

ಕಾಂಪೌಂಡ್ ಗೋಡೆಯನ್ನು ಪೂರ್ತಿ ತಳ್ಳಿಹಾಕಬೇಕಿಲ್ಲ. ಕೊಳದ ಮೂರು ಬದಿಗೆ ಅದನ್ನೇ ಬಳಸಿಕೊಂಡು, ಮನೆಯ ಕಡೆಗೆ ಮಾತ್ರ ಹೊಸ ಬೇಲಿ ಮತ್ತು ಗೇಟು ಹಾಕುವುದನ್ನು ಅನೇಕ ನಿಯಮಗಳು ಒಪ್ಪುತ್ತವೆ. ಎಲ್ಲೆಗೋಡೆಯೇ ಕೊಳದ ಬೇಲಿಯೂ ಆಗುವಾಗ ಆಸ್ಟ್ರೇಲಿಯಾ 1.8 ಮೀಟರ್ ಎತ್ತರ ಕೇಳುತ್ತದೆ; ನೆರೆಯವರು ತಮ್ಮ ಕಡೆ ಗೋಡೆಗೆ ಏನು ಒರಗಿಸುತ್ತಾರೆ ಎಂಬುದು ನಿಮ್ಮ ಕೈಯಲ್ಲಿಲ್ಲವಲ್ಲ. ನಿಮ್ಮ ಆರು ಅಡಿ ಗೋಡೆ ಎಂದರೆ ಸುಮಾರು 1.83 ಮೀಟರ್, ಸಾಲುತ್ತದೆ, ಆದರೆ ಕೂದಲೆಳೆಯಲ್ಲಿ. ಎಲ್ಲೆಗೋಡೆಯನ್ನು ಮಾತ್ರ ಅಲ್ಲಿ ಕೊಳದ ಕಡೆಯ ನೆಲದಿಂದ ಅಳೆಯುತ್ತಾರೆ, ಹೀಗಾಗಿ ಕೊಳದ ಸುತ್ತ ಹಾಸುಗಲ್ಲು ಹಾಕುವಾಗ ನೆಲ ಏರಿದರೆ ಸಾಲದೆ ಹೋಗಬಹುದು. ಕೊಳದ ಆವರಣಕ್ಕೆ ತೆರೆಯುವ ಕಿಟಕಿಗಳನ್ನೂ ಮರೆಯಬೇಡಿ. ತಗ್ಗಿನಲ್ಲಿರುವ ಕಿಟಕಿ ಮಗುವಿನ ಪಾಲಿಗೆ ಬಾಗಿಲೇ. ಅದನ್ನು 10 ಸೆಂಟಿಮೀಟರಿಗಿಂತ ಹೆಚ್ಚು ತೆರೆಯದಂತೆ ತಡೆ ಹಾಕಿಸಬೇಕು, ಇಲ್ಲವೇ ಗಟ್ಟಿ ಜಾಲರಿ ಕೂರಿಸಬೇಕು.

ಅಂದ ಕೆಡುತ್ತದೆ ಎಂಬ ಬೇಸರ ನನಗೆ ಅರ್ಥವಾಗುತ್ತದೆ, ಅದು ಕ್ಷುಲ್ಲಕವೂ ಅಲ್ಲ. ಮನಸ್ಸಿಲ್ಲದೆ ಹಾಕಿದ ಬೇಲಿಯನ್ನು ಜನ ಆರು ತಿಂಗಳಲ್ಲಿ ಬಿಚ್ಚಿಡುತ್ತಾರೆ. ಗಟ್ಟಿಗೊಳಿಸಿದ ಗಾಜಿನ ಬೇಲಿ ದುಬಾರಿ, ಆದರೆ ಕಾಲೂರಲು ಅದರಲ್ಲಿ ಏನೂ ಇಲ್ಲ ಮತ್ತು ಮನೆಯೊಳಗಿನಿಂದಲೇ ನೀರು ಕಾಣುತ್ತದೆ. ಈ ಎರಡನೆಯದು ಅಂದಕ್ಕಿಂತ ದೊಡ್ಡ ಲಾಭ. ಕಪ್ಪು ಬಣ್ಣ ಬಳಿದ ತೆಳು ನಿಂತ ಸರಳುಗಳ ಬೇಲಿಯೂ ಗಿಡಗಳ ಹಿನ್ನೆಲೆಯಲ್ಲಿ ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ, ಅಗ್ಗವೂ ಹೌದು. ಬೇಲಿಗೆ ಮರೆಯಾಗಲಿ ಎಂದು ದಟ್ಟ ಗಿಡದ ಸಾಲು ಬೆಳೆಸುವುದು ಮಾತ್ರ ಬೇಡ, ಕೊಳ ಕಣ್ಣಿಂದ ಮರೆಯಾಗುತ್ತದೆ. ಬಿಚ್ಚಿಡಬಹುದಾದ ಜಾಲರಿ ಬೇಲಿಯನ್ನು ಕೆಲವು ಊರುಗಳು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಒಪ್ಪಿದರೂ ನಾನು ಅದನ್ನು ಎರಡನೆಯ ದರ್ಜೆಯಲ್ಲಿಡುತ್ತೇನೆ. ಬಿಚ್ಚಿದವರೇ ಮತ್ತೆ ಹಾಕಬೇಕು, ಅದರ ಕಷ್ಟ ಅಲ್ಲಿಯೇ ಇದೆ.

ಹೊದಿಕೆಗಳ ವಿಷಯದಲ್ಲಿ ದಯವಿಟ್ಟು ಎಚ್ಚರ. ಅಂಗಡಿಯಲ್ಲಿ ‘ಪೂಲ್ ಕವರ್’ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆಯೇ ವಸ್ತುಗಳು ಸಿಗುತ್ತವೆ. ಒಂದು, ನೀರಿನ ಮೇಲೆ ತೇಲುವ ಗುಳ್ಳೆಗುಳ್ಳೆಯ ನೀಲಿ ಪ್ಲಾಸ್ಟಿಕ್. ಬಿಸಿ ಉಳಿಸಲು, ಕಸ ತಡೆಯಲು ಅದು ಸರಿ. ಮಗು ಅದರ ಮೇಲೆ ಕಾಲಿಟ್ಟರೆ ಅಂಚು ಮಡಚಿಕೊಂಡು ಒಳಗೆ ಜಾರುತ್ತದೆ, ಹೊದಿಕೆ ಮತ್ತೆ ಮೇಲೆ ಹರಡಿಕೊಳ್ಳುತ್ತದೆ. ಮೇಲಿನಿಂದ ನೋಡಿದವರಿಗೆ ಏನೂ ಕಾಣುವುದಿಲ್ಲ. ಏನೂ ಇಲ್ಲದ ಕೊಳಕ್ಕಿಂತ ಇದು ಅಪಾಯಕಾರಿ. ಇನ್ನೊಂದು, ಅಂಚುಗಳಿಗೆ ಬಿಗಿದು ಅಥವಾ ಹಳಿಯ ಮೇಲೆ ಮೋಟರಿನಿಂದ ಎಳೆಯುವ ಸುರಕ್ಷತಾ ಹೊದಿಕೆ. ಎಎಸ್‌ಟಿಎಂ ಎಫ್1346 ಎಂಬ ಅಮೆರಿಕದ ಮಾನದಂಡದಲ್ಲಿ, ಎಂಟು ಅಡಿಗಿಂತ ಅಗಲವಾದ ಕೊಳದ ಹೊದಿಕೆ ಇಬ್ಬರು ವಯಸ್ಕರು ಮತ್ತು ಒಂದು ಮಗುವಿನ ಭಾರವನ್ನು, ಅಂದರೆ 485 ಪೌಂಡ್ ಅಥವಾ ಸುಮಾರು 220 ಕಿಲೋ, ತಾಳಬೇಕು. ಅಮೆರಿಕದ ಕೆಲವೆಡೆ ಇಂಥ ಹೊದಿಕೆಯನ್ನು ಬೇಲಿಯ ಬದಲಿಗೆ ಒಪ್ಪುತ್ತಾರೆ. ವಸ್ತು ಒಳ್ಳೆಯದೇ. ಆದರೆ ಕೊಳ ಬಳಕೆಯಲ್ಲಿರುವಷ್ಟು ಹೊತ್ತೂ ಅದು ತೆರೆದೇ ಇರುತ್ತದೆ. ಊಟಕ್ಕೆಂದು ಒಳಗೆ ಹೋಗುವಾಗ ‘ಮತ್ತೆ ಬರುತ್ತೇವಲ್ಲ’ ಎಂದು ಹಾಗೇ ಬಿಟ್ಟು ಹೋಗುತ್ತಾರೆ. ಬೇಲಿಯ ಜೊತೆಗೆ ಇರಲಿ, ಬೇಲಿಯ ಬದಲಿಗೆ ಬೇಡ.

ಅಲಾರಂ ಕೂಡ ಹಾಗೆಯೇ. ಮನೆಯ ಬಾಗಿಲಿಗೆ ಹಾಕುವ ಅಲಾರಂ, ಮಗು ಬಾಗಿಲು ತೆರೆದಾಗ ಕೂಗುವಂಥದ್ದು, ಒಳ್ಳೆಯ ಹೆಚ್ಚುವರಿ ಏರ್ಪಾಡು. ನೀರಿನಲ್ಲಿ ತೇಲಿಬಿಡುವ ಅಲಾರಂ ಕೂಗುವುದು ಮಗು ನೀರಿಗೆ ಬಿದ್ದ ಮೇಲೆ, ಅದೂ ಬ್ಯಾಟರಿ ಇದ್ದರೆ, ಗಾಳಿಗೆ ಸುಮ್ಮಸುಮ್ಮನೆ ಕೂಗುತ್ತದೆಂದು ಯಾರೂ ಆರಿಸಿಡದಿದ್ದರೆ.

ಷರತ್ತಿನ ವಿಷಯದಲ್ಲಿ ನೀವು ಮಾಡಬೇಕಾದದ್ದು ಇಷ್ಟು. ‘ನಿಯಮಾನುಸಾರ’ ಎಂದು ಬರೆದಿದ್ದಾರೆ. ಯಾವ ನಿಯಮ, ಯಾವ ಕಲಂ, ಯಾವ ವರ್ಷದ ಆವೃತ್ತಿ ಎಂದು ಅನುಮತಿ ಕೊಟ್ಟ ಕಚೇರಿಯನ್ನು ಲಿಖಿತವಾಗಿ ಕೇಳಿ. ಮನೆಯ ಗೋಡೆಯನ್ನು ಬೇಲಿಯ ಒಂದು ಬದಿಯೆಂದು ಒಪ್ಪುತ್ತೀರಾ, ಒಪ್ಪಿದರೆ ಬಾಗಿಲಿಗೆ ಏನು ಷರತ್ತು ಎಂಬುದನ್ನೂ ಅದೇ ಪತ್ರದಲ್ಲಿ ಸೇರಿಸಿ. ಬಡಾವಣೆಯ ನಿವಾಸಿಗಳ ಸಂಘ ಮತ್ತು ಮನೆಯ ವಿಮೆ ಕಂಪನಿ ಇನ್ನೂ ಕಟ್ಟುನಿಟ್ಟಾದ ಶರತ್ತು ಹಾಕಿರಬಹುದು. ಎರಡು ನಿಯಮ ಬೇರೆಯಾದಾಗ ಬಿಗಿಯಾದದ್ದನ್ನು ಹಿಡಿಯುವುದು ಕ್ಷೇಮ. ಬಂದ ಉತ್ತರವನ್ನು ಗುತ್ತಿಗೆದಾರರ ಕೈಗೆ ಕೊಡಿ, ಬಾಯಿಮಾತಿನ ವಾದ ಅಲ್ಲಿಗೆ ನಿಲ್ಲುತ್ತದೆ.

ಕೆಲಸದ ಸರದಿಯ ಬಗ್ಗೆ ಒಂದು ಮಾತು ಹೇಳಬೇಕು, ಇದನ್ನು ಗುತ್ತಿಗೆದಾರರು ತಾವಾಗಿ ಹೇಳುವುದು ಅಪರೂಪ. ಬೇಲಿ ಕೊನೆಯ ಕೆಲಸ ಎಂಬುದು ಅವರ ಲೆಕ್ಕ. ಹಾಸುಗಲ್ಲು, ಗಿಡ, ದೀಪ ಎಲ್ಲ ಆದ ಮೇಲೆ. ಆದರೆ ಕೊಳದ ಒಳಮೈಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸುವುದಾದರೆ ಅದು ಒಣಗಿ ಬಿರುಕು ಬಿಡದಂತೆ ಕೂಡಲೇ ನೀರು ತುಂಬಿಸಬೇಕಾಗುತ್ತದೆ. ಅಂದರೆ ಬೇಲಿ ಬರುವುದಕ್ಕೆ ವಾರಗಳ ಮುಂಚೆಯೇ ಹಿತ್ತಲಿನಲ್ಲಿ ಆಳದ ನೀರು ನಿಂತಿರುತ್ತದೆ. ಅಮೆರಿಕದ ಹಲವು ನಗರಗಳಲ್ಲಿ ಪ್ಲಾಸ್ಟರಿಗೆ ಮುನ್ನವೇ ಬೇಲಿ ಮತ್ತು ಗೇಟಿನ ತಪಾಸಣೆ ಆಗುವುದು ಇದೇ ಕಾರಣಕ್ಕೆ. ನಿಮ್ಮಲ್ಲಿ ಅಂಥ ನಿಯಮ ಇಲ್ಲದಿದ್ದರೂ ಒಪ್ಪಂದದಲ್ಲಿ ಅದನ್ನೇ ಬರೆಸಿ: ಬೇಲಿ ನಿಂತು, ಗೇಟು ಎರಡು ಬೆರಳಿನ ಪರೀಕ್ಷೆ ಪಾಸಾದ ಮೇಲೆ ಪ್ಲಾಸ್ಟರ್, ಆಮೇಲೆ ಆ ಕಂತಿನ ಹಣ. ಅಗೆದ ಗುಂಡಿಗೆ ಮಳೆನೀರು ತುಂಬುವ ಕಾಲವಾದರೆ ತಾತ್ಕಾಲಿಕ ಬೇಲಿಯನ್ನು ಅಗೆಯುವ ದಿನವೇ ಹಾಕಿಸಿ, ಅದರ ಬಾಡಿಗೆ ಯಾರ ಖರ್ಚು ಎಂಬುದನ್ನೂ ಅದೇ ಕಾಗದದಲ್ಲಿ ತೀರ್ಮಾನಿಸಿಕೊಳ್ಳಿ.